ಹೂಂಗುಟ್ಟಲು ಜಾಗ ಬಿಡುವ ದನಿ

ಢಾಕಾ ಹತ್ತಿರದ ಶೀತಲಕ್ಷ್ಯಾ ನದಿಯ ದಡದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ರಿಪೇರಿ ಹೆಸರಿಗೆ ಮಾತ್ರ. ಹೊಟ್ಟೆ ತುಂಬಿಸುವುದು ಮೆಮೊರಿ ಕಾರ್ಡಿಗೆ ಹಾಡು, ಕತೆ ತುಂಬಿಕೊಡುವ ಕೆಲಸ. ನಮ್ಮೂರಿನವರೆಲ್ಲ ಜಮ್ದಾನಿ ಸೀರೆ ನೇಯುವವರು. ಕೈಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗಳೇ ನನ್ನ ಗಿರಾಕಿಗಳು. ಬಹಳ ಜನರ ಬೈಗುಳ ತಿಂದಿದ್ದೇನೆ, ಆದರೆ ಜೋಹುರಾಳಷ್ಟು ನನ್ನ ಪ್ರಾಣ ಹಿಂಡಿದವರು ಇನ್ನೊಬ್ಬರಿಲ್ಲ.

ಜಮ್ದಾನಿ ಮಗ್ಗಕ್ಕೆ ಇಬ್ಬರು ಬೇಕು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅಕ್ಕಪಕ್ಕ ಕೂರುತ್ತಾರೆ. ಹೂವಿನ ನಕ್ಷೆ ಕಾಗದದ ಮೇಲಿರುವುದಿಲ್ಲ, ಬಲಗಡೆ ಕೂತವರ ನಾಲಿಗೆಯ ಮೇಲಿರುತ್ತದೆ. "ಎರಡು ಬಿಡು, ಮೂರು ಎತ್ತು, ಒಂದರ ಕೆಳಗೆ ಹಾಯಿಸು" ಎಂದು ಅವರು ಹೇಳುತ್ತಾ ಹೋಗಬೇಕು. ಇದಕ್ಕೆ ನಾವು ಬುಲಿ ಎನ್ನುತ್ತೇವೆ. ಎಡಗಡೆಯವರು ಬಾಯಿ ತೆರೆಯುವಂತಿಲ್ಲ, ಕೇಳಿದ್ದನ್ನು ಕೈಯಲ್ಲಿ ಮಾಡಬೇಕು, ಅಷ್ಟೆ. ಜೋಹುರಾ ಬುಬು ಎಂದು ಕರೆಯುವ ಅವಳ ಅಕ್ಕ ಆಲೆಯಾ ಮೂವತ್ತು ವರ್ಷ ಬಲಗಡೆ ಕೂತಳು, ಜೋಹುರಾ ಎಡಗಡೆ. ಬುಲಿಯ ನಡುನಡುವೆ ಆಲೆಯಾ ಕತೆ ಹೇಳುತ್ತಿದ್ದಳು. ರೆಕ್ಕೆಯ ಕುದುರೆ, ಮಾತಾಡುವ ಹಕ್ಕಿ, ಪ್ರಾಣವನ್ನು ಬಾವಿಯ ತಳದಲ್ಲಿ ಬಚ್ಚಿಟ್ಟ ರಾಕ್ಷಸಿ. ಜೋಹುರಾಳದು ಒಂದೇ ಮಾತು, ಹೂಂ.

ಹೋದ ವರ್ಷ ಆಲೆಯಾಳ ಗಂಟಲಲ್ಲಿ ಗಂಟು ಕಾಣಿಸಿತು. ಢಾಕಾದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಗಂಟಿನ ಜೊತೆ ದನಿಯೂ ಹೋಯಿತು. ಕುತ್ತಿಗೆಯಲ್ಲಿ ಒಂದು ತೂತು, ತೂತಿಗೊಂದು ಪುಟ್ಟ ನಳಿಕೆ. ಉಸಿರಾಡಿದರೆ ಸುಯ್ ಎಂದು ಸದ್ದು ಬರುತ್ತದೆ, ಅಷ್ಟೆ. ಆಲೆಯಾ ಬಂದು ತನ್ನ ಬಲಗಡೆಯ ಜಾಗದಲ್ಲಿ ಕೂತಳು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಹೂವು ಕಣ್ಣೆದುರಿಗೇ ಇತ್ತು. ಆದರೂ ಜೋಹುರಾಳ ಕೈ ಏಳಲಿಲ್ಲ.

"ಕಣ್ಣಿಗೆ ಕಾಣುತ್ತೆ ಮೊತಾಲೆಬ್ ಭಾಯ್, ಕೈಗೆ ಕೇಳಿಸಲ್ಲ," ಎಂದು ನನಗೆ ಹೇಳಿದಳು.

ಎರಡು ತಿಂಗಳು ಮಗ್ಗ ಸುಮ್ಮನೆ ನಿಂತಿತು. ಮಗ್ಗದ ಯಜಮಾನ ತೋರಾಬ್ ಮಿಯಾ ಬಂದು ನೋಡಿದ. ಫಾಲ್ಗುಣ ಒಂದನೇ ತಾರೀಕಿಗೆ ಸೀರೆ ಮುಗಿದು ಮಗ್ಗದಿಂದ ಇಳಿಯದಿದ್ದರೆ ಗುಂಡಿಗೆ ಮಣ್ಣು ತುಂಬಿಸಿ ಮೆಷಿನ್ ಕೂರಿಸುತ್ತೇನೆ ಎಂದು ಹೇಳಿ ಹೋದ. ಬೇರೆ ಕಸುಬು ಅರಿಯದ ಇಬ್ಬರು ಹೆಂಗಸರಿಗೆ ಆ ಗುಂಡಿ ಬಿಟ್ಟರೆ ಇನ್ನೇನಿದೆ?

ಅವತ್ತಿನಿಂದ ಜೋಹುರಾ ದಿನಾ ನನ್ನ ಅಂಗಡಿಗೆ ಬಂದಳು. "ಒಳ್ಳೆ ದನಿ ಹಾಕ್ಕೊಡು ಭಾಯ್. ರಾಕ್ಷಸಿ ಕತೆ, ಕುದುರೆ ಕತೆ, ಏನಾದ್ರೂ ಸರಿ. ದನಿ ಇದ್ರೆ ಕೈ ಏಳುತ್ತೆ."

ಹಾಕಿಕೊಟ್ಟೆ. ಮಾರನೇ ದಿನ ವಾಪಸ್. "ಇವನ್ನ ನಾಯಿ ಅಟ್ಟಿಸ್ಕೊಂಡು ಬರ್ತಿದೆಯಾ? ಎಲ್ಲಿಗೆ ಓಡ್ತಾನೆ?"

ಇನ್ನೊಂದು ಕೊಟ್ಟೆ. "ಇವಳ ರಾಜಕುಮಾರಿ ಅಳೋದು ಕೇಳಿದ್ರೆ ಸೋಪು ಮಾರೋಕೆ ಬಂದಂಗಿದೆ."

ಮತ್ತೊಂದರಲ್ಲಿ ರಾಕ್ಷಸಿಗಿಂತ ಡೋಲಿನ ಸದ್ದೇ ಜಾಸ್ತಿಯಂತೆ. ಕಂಪ್ಯೂಟರ್ ಓದಿದ್ದೊಂದು ಇತ್ತು. ಅದನ್ನು ಅರ್ಧ ನಿಮಿಷ ಕೇಳಿ ಇಯರ್‌ಫೋನನ್ನು ಹಾವು ಬಿಸಾಕಿದ ಹಾಗೆ ಬಿಸಾಕಿದಳು. ನನಗೂ ರೇಗಿತು.

"ನಲವತ್ತು ಕತೆ ಕೊಟ್ಟೆ. ಯಾವುದೂ ಆಗಲ್ಲ ಅಂದ್ರೆ ನಿನಗೆ ಬೇಕಾಗಿರೋದು ಏನು?"

"ಇವರ್ಯಾರೂ ಹೂಂ ಅನ್ನೋಕೆ ಬಿಡಲ್ಲ."

"ರೆಕಾರ್ಡಿಂಗಿಗೆ ನಿನ್ನ ಹೂಂ ಯಾಕಮ್ಮ?"

"ಹೂಂ ಬೇಡದ ಕತೆ ಕೇಳೋಕೆ ನಾನೇನು ಗೋಡೆನಾ?" ಎಂದಳು. ಕಣ್ಣು ಕೆಂಪಗಾಗಿತ್ತು. ಇಪ್ಪತ್ತು ದಿನ ಉಳಿದಿತ್ತು.

ನಾನು ಹಟಕ್ಕೆ ಬಿದ್ದೆ. ಊಟದ ಹೊತ್ತಲ್ಲೂ ಮಂಡಕ್ಕಿ ಮುಕ್ಕುತ್ತಾ ಹುಡುಕಿದೆ. ಕೊನೆಗೆ ಒಂದು ರೆಕಾರ್ಡಿಂಗಿನಲ್ಲಿ ಒಬ್ಬ ಮುದುಕ ಸಿಕ್ಕ. ಬಾರಿಸಾಲ್ ಕಡೆಯವನಿರಬೇಕು, ಹೆಸರು ಹಾಕಿರಲಿಲ್ಲ. ಉಬ್ಬಸ ಇತ್ತೇನೋ, ಪ್ರತಿ ಮಾತಿನ ಕೊನೆಗೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಜೋಹುರಾ ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿದಳು. ಮೊದಲ ಸಲ ಅವನು ನಿಂತಾಗಲೇ ಅವಳ ಬಾಯಿಂದ ಹೂಂ ಬಂತು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಆಚೆ ತಿರುಗಿದೆ.

ಒಂಬತ್ತು ದಿನ ಮಗ್ಗ ಓಡಿತು. ಮುದುಕನ ದನಿಗೆ ಜೋಹುರಾಳ ಕೈ ಎದ್ದಿತು, ಎಳೆ ತಪ್ಪಿದಲ್ಲೆಲ್ಲ ಆಲೆಯಾ ಬೆರಳಿಟ್ಟು ತಿದ್ದಿದಳು. ಹತ್ತನೇ ದಿನ ಆಲೆಯಾ ನಳಿಕೆ ಬದಲಾಯಿಸಿಕೊಳ್ಳಲು ಢಾಕಾಕ್ಕೆ ಹೋದಳು. ಜೋಹುರಾ ಒಬ್ಬಳೇ ಮುದುಕನ ದನಿ ಕೇಳುತ್ತಾ ನೇಯ್ದಳು. ಸಂಜೆ ಆಲೆಯಾ ವಾಪಸ್ ಬಂದು ಬಟ್ಟೆ ನೋಡಿ ಬಾಯಿ ತೆರೆದಳು. ನಳಿಕೆಯಿಂದ ಗಾಳಿ ಮಾತ್ರ ಹೊರಟಿತು.

ಮುದುಕನ ಕತೆಯಲ್ಲಿ ರಾಜಕುಮಾರ ಏಳು ಸಮುದ್ರ ಹದಿಮೂರು ನದಿ ದಾಟಿದ್ದ. ಜೋಹುರಾಳ ಕೈ ಏಳು ಎಳೆ ಎತ್ತಿ ಹದಿಮೂರು ಬಿಟ್ಟಿತ್ತು. ಮೂರು ಹಗಲು ಮೂರು ರಾತ್ರಿ ನಡೆದಿದ್ದ. ಅದನ್ನೂ ನೇಯ್ದಿದ್ದಳು. ಒಂದು ಗೇಣು ಬಟ್ಟೆಯ ತುಂಬ ಯಾವ ಗಿಡದಲ್ಲೂ ಇಲ್ಲದ ಹೂವು. ಬಿಚ್ಚೋಣವೆಂದರೆ ಗಂಜಿ ಹಾಕಿದ ಎಳೆ ತುಂಡಾಗುತ್ತದೆ.

ಮರುದಿನ ಬೆಳಿಗ್ಗೆ ಜೋಹುರಾ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟಳು. "ಈ ಮುದುಕನ್ನ ವಾಪಸ್ ತಗೋ."

"ಕೆಟ್ಟದಾಗಿ ಹೇಳ್ತಾನಾ?"

"ಚೆನ್ನಾಗಿ ಹೇಳ್ತಾನೆ. ಅದಕ್ಕೇ. ಒಳ್ಳೆ ದನಿ ಏನು ಹೇಳಿದ್ರೂ ಕೈ ನಂಬಿಬಿಡುತ್ತೆ. ಬುಬು ಕತೆಯಲ್ಲಿ ಲೆಕ್ಕನೇ ಇರ್ತಿರಲಿಲ್ಲ ಭಾಯ್. ರಾಜನಿಗೆ ತುಂಬಾ ಹೆಂಡ್ತಿಯರು, ದಾಟೋಕೆ ತುಂಬಾ ಸಮುದ್ರ. ಅಕ್ಕನಿಗೆ ಎಣಿಸೋಕೆ ಬರಲ್ಲ ಅಂತ ನಾನು ನಗ್ತಿದ್ದೆ."

ಅವಳು ಹೋದಳು. ಐದು ದಿನ ಈ ಕಡೆ ತಲೆ ಹಾಕಲಿಲ್ಲ. ಅವಳು ನದಿಗೆ ಬಿದ್ದಳೋ ಏನೋ ಎಂದು ನನಗೆ ನಿಜವಾಗಿ ಭಯವಾಯಿತು.

ಫಾಲ್ಗುಣ ಒಂದರ ಬೆಳಿಗ್ಗೆ ನಾನೇ ಅವರ ಮಗ್ಗದ ಮನೆಗೆ ಹೋದೆ. ಬಾಗಿಲಲ್ಲಿ ಮಣ್ಣಿನ ಗುಡ್ಡೆ ಬಿದ್ದಿತ್ತು. ಬುಟ್ಟಿ ಹಿಡಿದ ಆಳುಗಳ ಪಕ್ಕದಲ್ಲಿ ತೋರಾಬ್ ಮಿಯಾ ನಿಂತಿದ್ದ. ಒಳಗೆ ಮಗ್ಗದ ಬಲಗಡೆ ಜೋಹುರಾ, ಎಡಗಡೆ ಆಲೆಯಾ. ಜೋಹುರಾ ಹೂವು ನೋಡುತ್ತಾ ಬುಲಿ ಹೇಳುತ್ತಿದ್ದಳು, ನಡುವೆ ಕತೆ. ನಾನು ಹೇಳಲೇಬೇಕು, ಅಷ್ಟು ಕೆಟ್ಟದಾಗಿ ಕತೆ ಹೇಳುವವರನ್ನು ನಾನು ಕೇಳಿಯೇ ಇಲ್ಲ. ತಡವರಿಸುತ್ತಿದ್ದಳು, ಮಾತು ನುಂಗುತ್ತಿದ್ದಳು, ರಾಕ್ಷಸಿಗೂ ರಾಜಕುಮಾರಿಗೂ ಒಂದೇ ದನಿ. ಮೂವತ್ತು ವರ್ಷ ಮುಚ್ಚಿದ್ದ ಬಾಯಿ.

"ಎರಡು ಬಿಡು, ಮೂರು ಎತ್ತು... ಕುದುರೆ ಹಾರ್ತು, ಬುಬು. ತುಂಬಾ ಸಮುದ್ರ ದಾಟ್ತು."

ಸುಯ್, ಎಂದಿತು ಆಲೆಯಾಳ ನಳಿಕೆ.

"ತುಂಬಾ ನದಿ ದಾಟ್ತು."

ಸುಯ್.

ಅದು ಉಸಿರಲ್ಲ, ಹೂಂ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ತೋರಾಬ್ ಮಿಯಾ ಕೆಮ್ಮಿದ. "ಸಾಕು, ಏಳಿ. ಇನ್ನೆಷ್ಟಿದೆ? ಎರಡು ಬೆರಳಾ, ನಾಲ್ಕಾ?"

ಆ ಲೆಕ್ಕ ಕಿವಿಗೆ ಬಿದ್ದದ್ದೇ ಆಲೆಯಾಳ ಕೈ ನಾಲ್ಕು ಎಳೆಗಳ ಕಡೆ ಹೋಯಿತು. ಜೋಹುರಾ ಅದರ ಮೇಲೆ ಕೈಯಿಟ್ಟು ತಡೆದಳು. "ಇಲ್ಲಿ ನಾನೊಬ್ಬಳೇ ಲೆಕ್ಕ ಹೇಳೋದು ಮಿಯಾ. ನೀವು ಸುಮ್ನಿರಿ." ಆ ಮನುಷ್ಯನಿಗೆ ಯಾರೂ ಹಾಗೆ ಹೇಳಿರಲಿಲ್ಲವೇನೋ, ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟ.

ಸಂಜೆಗೆ ಸೀರೆ ಇಳಿಯಿತು. ತಪ್ಪಿದ ಆ ಒಂದು ಗೇಣಿನ ಮೇಲೆ ಅವನು ಬೆರಳಾಡಿಸಿದ, ಗೊಣಗಿದ, ಈದ್ ಕಳೆಯಲಿ ನೋಡೋಣ ಎಂದು ಹೋದ. ಮಣ್ಣನ್ನು ಮಾತ್ರ ತೆಗೆಸಲಿಲ್ಲ. ಅದು ಈಗಲೂ ಬಾಗಿಲಲ್ಲೇ ಇದೆ, ಕೋಳಿಗಳು ಕೆದಕುತ್ತವೆ. ಆಲೆಯಾ ದಿನದಿನಕ್ಕೆ ಸೊರಗುತ್ತಿದ್ದಾಳೆ.

ಮೊನ್ನೆ ಹೋದವನು ಸುಮ್ಮನಿರಲಾರದೆ ಕೇಳಿದೆ. "ಮಿಯಾ ಇನ್ನೆಷ್ಟು ದಿನ ಕೊಟ್ಟಿದ್ದಾನೆ?"

ಜೋಹುರಾ ತಲೆ ಎತ್ತಲಿಲ್ಲ. "ತುಂಬಾ," ಎಂದಳು.

ಎಡಗಡೆಯಿಂದ ಆಲೆಯಾ ಹೂಂಗುಟ್ಟಿದಳು.