ಅಕ್ಕನ ರಟ್ಟಿನ ಹಲಗೆ

ಕೌದಿಗೆ ಬಟ್ಟೆ ಕತ್ತರಿಸುವುದರಲ್ಲಿ ನನ್ನ ಓರಗಿತ್ತಿಯನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಇದನ್ನು ಈಗ ಬರೆಯುವುದು ಸುಲಭ. ಹೇಳಬೇಕಾಗಿದ್ದ ದಿನ ನನ್ನ ಬಾಯಿಗೆ ಬೀಗ ಬಿದ್ದಿತ್ತು.

ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ಅಪ್ಪ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ. ಅಕ್ಕ ಬಾಲ್ಯದಲ್ಲಿ ಆಡಿದ್ದೆಲ್ಲ ಹೊಲಿಗೆ ಯಂತ್ರದ ಕೆಳಗೆ, ಬಿದ್ದ ಚೂರುಗಳ ಜೊತೆ. ಸೊಸೆಯ ಪೆಟ್ಟಿಗೆ ತುಂಬ ಹೊಸ ಬಟ್ಟೆ ಇರುತ್ತದೆ ಎಂದು ಆಸೆಪಟ್ಟಿದ್ದ ನಮ್ಮ ಅತ್ತೆಗೆ ಅದರಲ್ಲಿ ಕಂಡಿದ್ದು ನೀಲಿ, ಬೂದು, ಕಂದು ಚೂರುಗಳ ದೊಡ್ಡ ಗಂಟು. ಆ ಚೂರುಗಳಿಂದ ಅಕ್ಕ ಹೊಲಿದ ಕೌದಿಯನ್ನು ಹೊದ್ದುಕೊಂಡು ಅತ್ತೆ ಕೊನೆಯವರೆಗೂ ಬೆಚ್ಚಗೆ ಮಲಗಿದರು, ಗೊಣಗುತ್ತಲೇ.

ಅಕ್ಕನ ಸಲಕರಣೆ ನೋಡಿದರೆ ಯಾರಿಗಾದರೂ ನಗು ಬರುತ್ತಿತ್ತು. ಫ್ರಿಜ್ ಬಂದ ಡಬ್ಬದ ರಟ್ಟನ್ನು ಎರಡು ಪದರ ಅಂಟಿಸಿ, ಮೇಲೆ ಹಳೇ ನೆಲಹಾಸಿನ ತುಂಡು ಹೊದಿಸಿದ್ದೇ ಅವರ ಹಲಗೆ. ಮೊಂಡಾದರೆ ತುದಿ ಮುರಿದುಕೊಳ್ಳುವ ಅಗ್ಗದ ಕಟ್ಟರ್ ಒಂದು, ಸ್ಟೀಲಿನ ಸ್ಕೇಲು ಒಂದು. ಚೌಕದ ಅಳತೆಗೆ, ಮಾವ ಜಾರಿಬಿದ್ದಾಗ ತೆಗೆಸಿದ ಎಕ್ಸ್-ರೇ ಹಾಳೆಯಿಂದ ಕತ್ತರಿಸಿದ ತುಂಡು. ಗಟ್ಟಿ ಹಾಳೆ, ಅದರ ಮೂಲಕ ಬಟ್ಟೆಯ ಹೂವು ಮಸುಕಾಗಿ ಕಾಣುತ್ತಿತ್ತು. “ಮಾವನ ಸೊಂಟ ಎಲ್ಲಿಟ್ಟೆ?” ಎಂದು ಅಕ್ಕ ಕೂಗಿದರೆ ಮನೆಗೆ ಬಂದವರು ಬೆಚ್ಚಿಬೀಳುತ್ತಿದ್ದರು. ಮಾವ ಕುರ್ಚಿಯಿಂದಲೇ, “ಇಲ್ಲೇ ಇದೆಯಮ್ಮ, ಅದರ ಮೇಲೇ ಕೂತಿದ್ದೀನಿ” ಅನ್ನುತ್ತಿದ್ದರು.

ನನಗೆ ಮಾತ್ರ ಆ ರಟ್ಟು ಅವಮಾನ ಅನ್ನಿಸುತ್ತಿತ್ತು. ಗಂಡನನ್ನು ಕಾಡಿ ಬೇಡಿ, ಬಟ್ಟೆಯ ಕೆಳಗೆ ಹಾಸಿ ಕತ್ತರಿಸುವ ಹಸಿರು ಪ್ಲಾಸ್ಟಿಕ್ಕಿನ ಕಟಿಂಗ್ ಮ್ಯಾಟ್ ತರಿಸಿಕೊಂಡೆ. ಬಿಳಿ ಗೆರೆಗಳು, ಇಂಚಿನ ಅಂಕಿಗಳು, ಜೊತೆಗೆ ಚಕ್ರದ ಹಾಗೆ ಉರುಳುವ ಬ್ಲೇಡು. ಮ್ಯಾಟಿನ ಮೇಲೆ ಬಿದ್ದ ಬ್ಲೇಡಿನ ಗೀರು ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂದು ಹೇಳಿದಾಗ ಅಕ್ಕ ಅದನ್ನು ಬೆರಳಿನಿಂದ ಸವರಿ, “ಪುಣ್ಯ ಮಾಡಿದೆ ಬಿಡು” ಎಂದು ನಕ್ಕು ತಮ್ಮ ರಟ್ಟಿನತ್ತ ಹೋದರು.

ಹಾಸಿಗೆ ಅಂಗಡಿ ನಡೆಸುವ ಅಂಗಡಿಯಮ್ಮ ನಮ್ಮಿಬ್ಬರಿಗೂ ಕೆಲಸ ಕೊಡುವವರು. ಒಂದು ಸಲ ಅಂಗಡಿಯ ಮುಂದಿನ ಗಾಜಿನೊಳಗೆ ತೂಗುಹಾಕಲು ದೊಡ್ಡ ಕೌದಿ ಬೇಕೆಂದರು. ಒಟ್ಟು ನಾನೂರು ಚೌಕ, ಇಬ್ಬರಿಗೂ ಅರ್ಧರ್ಧ. ಒಂದು ಮಧ್ಯಾಹ್ನ ಬಟ್ಟೆ ಸುಕ್ಕಾಗಿತ್ತು. ಎದ್ದು ಇಸ್ತ್ರಿ ಮೇಜಿನ ತನಕ ಹೋಗಲು ಸೋಮಾರಿತನ, ಮ್ಯಾಟಿನ ಮೇಲೇ ಇಸ್ತ್ರಿ ಉಜ್ಜಿದೆ. ಮ್ಯಾಟು ನಡುವೆ ಉಬ್ಬಿತು. ಅದರ ಮೇಲೆ ಭಾರದ ಟ್ರಂಕು ಹೇರಿಟ್ಟೆ, ಬೆಳಗ್ಗೆ ಚಪ್ಪಟೆಯಾಗಿತ್ತು. ಸದ್ಯ, ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡು ಅದರ ಗೆರೆ ಹಿಡಿದೇ ನನ್ನ ಇನ್ನೂರು ಚೌಕ ಕತ್ತರಿಸಿದೆ.

ಜೋಡಿಸಿದಾಗ ಮೂಲೆಗೆ ಮೂಲೆ ಕೂಡಲಿಲ್ಲ. ಅಂಗಡಿಯಮ್ಮ ಮನೆಗೇ ಬಂದು ಮಂಚದ ಮೇಲೆ ಹರಡಿ ನೋಡಿದರು.

“ಇದೇನಿದು, ಹಾಸಿದ್ರೂ ಎದ್ದು ಕೂರ್ತಿದೆ! ಕತ್ತರಿಸಿದ್ದು ಯಾರು?”

“ಇಬ್ಬರೂ,” ಎಂದೆ. “ನಾನು ಮ್ಯಾಟಿನ ಮೇಲೆ ಕತ್ತರಿಸ್ತೀನಿ. ಅಕ್ಕ ಇನ್ನೂ ಆ ರಟ್ಟಿನ ಮೇಲೇ.”

ಒಂದಕ್ಷರವೂ ಸುಳ್ಳಲ್ಲ. ತಪ್ಪು ರಟ್ಟಿನದೇ ಎಂದು ನಾನು ನಂಬಿಯೂ ಇದ್ದೆ. ಆದರೆ ಆ ನಂಬಿಕೆಗೆ ಒಂದು ಸಲವೂ ಸ್ಕೇಲು ಹಿಡಿದು ನೋಡಿರಲಿಲ್ಲ. ಅಕ್ಕ ತಾವು ಹೆಚ್ಚಿಗೆ ಕತ್ತರಿಸಿಟ್ಟಿದ್ದ ಒಂದು ಚೌಕವನ್ನು ನನ್ನ ಮ್ಯಾಟಿನ ಗೆರೆಗೆ ಹಿಡಿದರು. ಒಂದು ದಾರದಷ್ಟು ಹೆಚ್ಚಿತ್ತು. ಅಚ್ಚು ಹಾಕಿದ ಗೆರೆ ಸುಳ್ಳಾಡುತ್ತದೆಯೇ?

“ನಂದೇ ತಪ್ಪು,” ಎಂದರು. “ವಯಸ್ಸಾಯ್ತು ನೋಡಿ.”

“ಇನ್ಮೇಲೆ ಕತ್ತರಿಸೋದೆಲ್ಲ ನೀವೇ ನೋಡ್ಕೊಳ್ಳಿ,” ಎಂದು ಅಂಗಡಿಯಮ್ಮ ನನಗೆ ಹೇಳಿದರು. “ಅವರು ಅಂಚು ಹೊಲಿದ್ರೆ ಸಾಕು.”

ಅಕ್ಕ ನಾಲ್ಕು ದಿನ ಕೂತು ಇಡೀ ಕೌದಿ ಬಿಚ್ಚಿದರು. ತಮ್ಮ ಇನ್ನೂರು ಚೌಕಗಳನ್ನೂ ಅಂಚು ಸವರಿ ನನ್ನವುಗಳ ಅಳತೆಗೆ ಇಳಿಸಿದರು. ಆಮೇಲೆ ರಟ್ಟನ್ನು ಬೀರುವಿನ ಹಿಂದೆ ಸರಿಸಿ ಅಂಚು ಹೊಲಿಯಲು ಕೂತರು.

ತಿಂಗಳಾದ ಮೇಲೆ ದಿಂಬಿನ ಕವರಿಗೆಂದು ಅಕ್ಕನ ಸ್ಟೀಲಿನ ಸ್ಕೇಲನ್ನು ಮ್ಯಾಟಿನ ಮೇಲೆ ಇಟ್ಟೆ. ಮ್ಯಾಟಿನ ಆರಿಂಚು ಸ್ಕೇಲಿನ ಆರಿಂಚಿಗಿಂತ ಕಡಿಮೆ ಇತ್ತು. ಟೇಪು ತಂದು ಅಳೆದೆ. ಟೇಪೂ ಸ್ಕೇಲಿನ ಪಕ್ಷವೇ. ಇಸ್ತ್ರಿಯ ಬಿಸಿಗೆ ಮ್ಯಾಟು ಕುಗ್ಗಿತ್ತು. ಅಕ್ಕ ಪಕ್ಕದ ಕೋಣೆಯಲ್ಲೇ ಇದ್ದರು, ಹತ್ತು ಹೆಜ್ಜೆ. ನಾನು ಆ ಹತ್ತು ಹೆಜ್ಜೆ ಇಡಲಿಲ್ಲ. ಬಾಗಿಲು ಮುಂದೆ ಮಾಡಿ ಮ್ಯಾಟನ್ನು ನಾಲ್ಕು ತುಂಡು ಮಾಡಿ ಕಸದ ಚೀಲಕ್ಕೆ ತುರುಕಿದೆ. ಯಾರಾದರೂ ಕೇಳಿದರೆ ಹಳೆಯದಾಯಿತು ಎಂದರಾಯಿತು ಎಂದುಕೊಂಡೆ. ನನ್ನ ಬಗ್ಗೆ ನನಗೇ ಅಸಹ್ಯವಾದದ್ದು ಆ ದಿನ.

ಕೆಲವು ದಿನಗಳ ಮೇಲೆ ಅಕ್ಕ ಕನ್ನಡಕ ಹಾಕಿಕೊಂಡು ಬಂದರು.

“ಕಣ್ಣು ಚೆನ್ನಾಗೇ ಇದೆ ಅಂದ್ರು ಡಾಕ್ಟರು. ನಾನೇ ಹಠ ಮಾಡಿ ಹಾಕಿಸ್ಕೊಂಡೆ,” ಎಂದವರು ಕೈಯಲ್ಲಿದ್ದ ಅಂಚನ್ನು ನನ್ನ ಮುಂದೆ ಹಿಡಿದರು. “ಹೊಲಿಗೆ ನೇರವಾಗಿದೆಯಾ, ಸ್ವಲ್ಪ ನೋಡು.”

ಗೆರೆಯಿಲ್ಲದೆ, ಬರೀ ಕಣ್ಣಳತೆಯಲ್ಲಿ ಗಜ ಬಟ್ಟೆಯನ್ನು ನೇರವಾಗಿ ಸೀಳುತ್ತಿದ್ದ ಹೆಂಗಸು ನನ್ನನ್ನು ಕೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಇಸ್ತ್ರಿ, ಉಬ್ಬು, ಟ್ರಂಕು, ಎಲ್ಲವನ್ನೂ ಅಳುತ್ತಲೇ ಒದರಿಬಿಟ್ಟೆ.

ಅಕ್ಕ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ನನ್ನ ಮನಸ್ಸು ನೋಯಬಾರದು ಅಂತ ತಪ್ಪೆಲ್ಲ ನಿನ್ನ ಮೇಲೆ ಹಾಕ್ಕೋತಿದ್ದೀಯಲ್ಲ, ಹುಚ್ಚಿ.”

“ಅಯ್ಯೋ, ನಿಜ ಅಕ್ಕ!”

“ಹಾಗಾದ್ರೆ ಆ ಮ್ಯಾಟ್ ತಗೊಂಡು ಬಾ. ಅಳೆದೇ ನೋಡೋಣ.”

ಎಲ್ಲಿಂದ ತರಲಿ? “ಎಸೆದೆ” ಎಂದಾಗ ಅವರು ಜೋರಾಗಿ ನಕ್ಕರು. “ಸುಳ್ಳು ಹೇಳೋಕೂ ಬರಲ್ಲ ನಿನಗೆ,” ಎಂದು ಕೆನ್ನೆ ತಟ್ಟಿದರು.

ಮುಂದಿನ ವಾರ ಅಂಗಡಿಗೆ ಹೋದಾಗ, ಗಿರಾಕಿಗಳ ಎದುರಿಗೇ ಅಕ್ಕ ಅಂಗಡಿಯಮ್ಮನಿಗೆ ಹೇಳಿದರು: “ನನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದಿದ್ಲು ನೋಡಿ. ಇಂಥ ಓರಗಿತ್ತಿ ಯಾರಿಗೆ ಸಿಗ್ತಾರೆ?”

“ಅಲ್ಲ, ತಪ್ಪು ನಿಜವಾಗಿಯೂ ನಂದೇ,” ಎಂದೆ. ಯಾರೂ ನಂಬಲಿಲ್ಲ. ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದೆ.

ಅಂಗಡಿಯಮ್ಮ ನನ್ನ ಬೆನ್ನು ತಟ್ಟಿದರು.