ಉಮೆಕಿಚಿ ತೊಡದ ಪಟ್ಟಿ

ಜಪಾನಿನ ನಗೋಯಾದ ಒಂದು ನೂಲಿನ ಗಿರಣಿಯಲ್ಲಿ ಉಮೆಕಿಚಿ ಕೂಲಿ. ಕಾಲು ಚುರುಕೆಂದು ಗಿರಣಿಯವರು ಅವನನ್ನು ರಿಲೇ ತಂಡಕ್ಕೆ ಸೇರಿಸಿಕೊಂಡರು. ಗೆದ್ದರೆ ಹೆಸರು ಗಿರಣಿಗೆ, ಬೆವರು ಇವನದು. ಆದರೂ ಓಟವೆಂದರೆ ಅವನಿಗೆ ಪ್ರಾಣ. ಯಂತ್ರದ ಮುಂದೆ ಬಗ್ಗಿದ ಬೆನ್ನು ನೆಟ್ಟಗಾಗುತ್ತಿದ್ದುದು ಆಗ ಮಾತ್ರ.

ಅಲ್ಲಿಯ ಬೀದಿ ರಿಲೇಯಲ್ಲಿ ಕೈಬದಲಾಗುವುದು ಕೋಲಲ್ಲ, ಎದೆಗೆ ಅಡ್ಡಲಾಗಿ ತೊಟ್ಟ ಬಟ್ಟೆಯ ಪಟ್ಟಿ. ಅದನ್ನು ಬಿಚ್ಚಿ ಮುಂದಿನವನಿಗೆ ಕೊಡಬೇಕು. 1919ರ ಚಳಿಗಾಲದಲ್ಲಿ ಇನ್‌ಫ್ಲುಯೆಂಜಾ ಅರ್ಧ ಗಿರಣಿಯನ್ನೇ ಮಲಗಿಸಿತ್ತು. ಮಾಲೀಕರು ಪಂದ್ಯ ಬಿಡಲಿಲ್ಲ. ಕೊನೆಯ ಸರದಿ ಉಮೆಕಿಚಿಯದು. ಅವನಿಗೆ ಪಟ್ಟಿ ಕೊಡಬೇಕಿದ್ದ ಗೆಳೆಯ ಸೇಜಿರೊ ಎಲ್ಲರಿಗಿಂತ ಮುಂದೆ ಬಂದವನೇ ಕುಸಿದುಬಿದ್ದ. ಮೈ ಕೆಂಡವಾಗಿತ್ತು.

“ಪಟ್ಟಿ ಕಿತ್ಕೊಂಡು ಓಡೋ! ಗಿರಣಿ ಮಾನ ಹೋಗುತ್ತೆ!” ಮೇಸ್ತ್ರಿ ಕೂಗಿದ.

“ನಿಮ್ಮ ಮಾನ ನೀವೇ ಹೊತ್ಕೊಂಡು ಓಡಿ, ಮೇಸ್ತ್ರಿಸಾನ್,” ಎಂದ ಉಮೆಕಿಚಿ, ಗೆಳೆಯನನ್ನು ಬೆನ್ನಿಗೇರಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದ.

ಅವನನ್ನು ತಂಡದಿಂದ ಕಿತ್ತುಹಾಕಿದರು. ಮತ್ತೆಂದೂ ಅವನಿಗೆ ಓಡಲು ಸಿಗಲಿಲ್ಲ. ಸೇಜಿರೊ ಬದುಕಿದ. ಉಪಕಾರ ನೆನೆಯುವುದಿರಲಿ, ಸಿಕ್ಕಾಗಲೆಲ್ಲ ಜಗಳಕ್ಕೇ ಬರುತ್ತಿದ್ದ:

“ನಾನು ಮುಂದಿದ್ನಲ್ಲೋ! ಕೈಗೆ ಬಂದ ಗೆಲುವು ನಿನ್ನಿಂದ ಹೋಯ್ತು.”

“ಬೈಕೊ,” ಎನ್ನುತ್ತಿದ್ದ ಉಮೆಕಿಚಿ. “ಬೈಯೋಕೆ ಉಸಿರಿದೆಯಲ್ಲ.”