ಅಕ್ಕ ಎನ್ನಿಸಿಕೊಂಡ ತಾಯಿ

ನಾನು ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ತಾಯಿ ಎಂಬುದಕ್ಕೆ ಅಮ್ಮ, ಅವ್ವ, ಮಾತೆ, ಜನನಿ ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ನಮ್ಮನ್ನು ಹೆತ್ತವಳನ್ನು ನಾನಾಗಲೀ ನನ್ನ ತಂಗಿಯಾಗಲೀ ಇವುಗಳಲ್ಲಿ ಒಂದರಿಂದಲೂ ಕರೆದವರಲ್ಲ. ನಮಗೆ ಅವಳು ಅಕ್ಕ.

ಇದಕ್ಕೆ ಕಾರಣ ನಮ್ಮ ಸೋದರಮಾವ. ಅವಳು ಮದುವೆಯಾಗಿ ಕೊಳಾಲದ ಹತ್ತಿರದ ನಮ್ಮೂರಿಗೆ ಬಂದಾಗ ಅವಳ ತಮ್ಮನೂ ಓದುವುದಕ್ಕೆಂದು ಜೊತೆಗೆ ಬಂದ. ಅಕ್ಕಾ ಮುದ್ದೆ ಇಕ್ಕು, ಅಕ್ಕಾ ಅಂಗಿ ಎಲ್ಲಿ ಎಂದು ಅವನು ದಿನವೆಲ್ಲ ಕೂಗುವುದನ್ನು ಕೇಳಿ ಕೇಳಿ ನನಗೆ ಮಾತು ಬಂದಾಗ ಅದೇ ಬಂತು. ನನ್ನಿಂದ ತಂಗಿ ಕಲಿತಳು. ಅವ್ವ ಎನ್ನೋಣವೆಂದರೆ ಅದು ಅಜ್ಜಿಯ ಪಾಲಾಗಿತ್ತು. ಅಪ್ಪ ತನ್ನ ತಾಯಿಯನ್ನು ಅವ್ವ ಎನ್ನುತ್ತಿದ್ದುದರಿಂದ ಅಜ್ಜಿ ನಮಗೂ ಅವ್ವ. ಇನ್ನು ಅಮ್ಮ ಎಂಬುದು ಊರಲ್ಲಿ ಎಲ್ಲರಿಗೂ ಸಿಗುತ್ತಿತ್ತು. ಅಪ್ಪ ಪುಟ್ಟ ತಂಗಿಯನ್ನು ಬಾರಮ್ಮ ಎಂದು ಕರೆಯುತ್ತಿದ್ದ. ಮಧುಗಿರಿ ಬಸ್ಸಿನ ಕಂಡಕ್ಟರ್ ಸೊಪ್ಪಿನ ಮಂಕರಿ ಹೊತ್ತವಳಿಗೆ ಒಳಕ್ಕೆ ನಡೀರಮ್ಮ ಎನ್ನುತ್ತಿದ್ದ. ಸಿಗದೇ ಇದ್ದದ್ದು ನಮ್ಮ ಅಕ್ಕನೊಬ್ಬಳಿಗೇ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವ ತನಕ ಅದೊಂದು ಕೊರತೆ ಎಂದು ನಮಗೆ ಅನ್ನಿಸಿರಲೂ ಇಲ್ಲ.

ಅವರು ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಕಡೆಯವರು. ಹುಡುಗ, ಅವನ ತಂದೆ, ತಾಯಿ, ಮೂರೇ ಜನ. ನಾವು ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದೆವು. ಉಪ್ಪಿಟ್ಟು, ಕೇಸರಿಬಾತು ಆಯಿತು. ಒಳಗಿನಿಂದ ತಂಗಿ, ಅಕ್ಕಾ ಲೋಟ ಸಾಲಲ್ಲ ಎಂದಳು. ನಾನು, ಅಕ್ಕಾ ನೀನೂ ಬಂದು ಕೂತ್ಕೋ ಎಂದೆ. ಹುಡುಗನ ತಾಯಿ, ಲೋಟ ತರಲು ಒಳಗೆ ಹೊರಟ ನಮ್ಮ ಅಕ್ಕನನ್ನು ಕಾಲುಂಗುರದಿಂದ ತಲೆಗೂದಲಿನ ತನಕ ಒಮ್ಮೆ ನೋಡಿದರು. ಹದಿನೆಂಟಕ್ಕೆ ಮದುವೆಯಾದವಳು, ಸಣ್ಣ ಆಳು, ಕೂದಲು ಇನ್ನೂ ಕಪ್ಪು. ಅವರು ಅಪ್ಪನ ಕಡೆ ತಿರುಗಿ, ದೊಡ್ಡ ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ ಎಂದು ಕೇಳಿದರು. ನಮಗಿರುವುದು ಒಬ್ಬಳೇ ಮಗಳು ಎಂದ ಅಪ್ಪ.

ಆಯಮ್ಮನಿಗೆ ಇದೇನೋ ಸರಿಹೋಗಲಿಲ್ಲ. ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿಯನ್ನು ನಾವು ಅವ್ವ ಎನ್ನುವುದನ್ನು ಅವರು ಕೇಳಿಸಿಕೊಂಡಿದ್ದರು. ಹಲ್ಲಿಲ್ಲದ ಈ ಮುದುಕಿಗೆ ಇಷ್ಟು ಚಿಕ್ಕ ಮಗಳೇ ಎಂಬ ಅನುಮಾನದಲ್ಲಿ, ನಿಮಗೆ ಮಕ್ಕಳೆಷ್ಟು ಎಂದು ಮೆಲ್ಲಗೆ ಕೇಳಿದರು. ಅಜ್ಜಿ, ನಾಕು ಜನ, ಇವ್ನೇ ದೊಡ್ಡೋನು ಎಂದು ಅಪ್ಪನ ಕಡೆ ಕೈ ತೋರಿಸಿದಳು. ಅಲ್ಲಿಯವರೆಗೆ ಅಪ್ಪನನ್ನು ಅಜ್ಜಿಯ ಗಂಡ ಎಂದುಕೊಂಡಿದ್ದ ಹುಡುಗನ ತಂದೆ ಕಾಫಿ ಲೋಟವನ್ನು ಕೆಳಗಿಟ್ಟರು.

ಆಗ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಹುಡುಗಿ ತಾಯಿ ನಾನೇ ಕಣಮ್ಮ. ಇವು ನನ್ನ ಅಕ್ಕ ಅಂತವೆ, ಅಷ್ಟೇಯ."

ಎಲ್ಲರೂ ನಕ್ಕರು, ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನಗುವಿನಲ್ಲೇ ಸಂಬಂಧವೂ ಕುದುರಿತು.

ಸಂಜೆ ಪಾತ್ರೆ ತೊಳೆಯುವಾಗ ಮಾತ್ರ ಅಕ್ಕ ನಗುತ್ತಿರಲಿಲ್ಲ. ನಾನು ನೀರು ಹುಯ್ಯುತ್ತಿದ್ದೆ. ತಲೆ ಎತ್ತದೆ ಹೇಳಿದಳು: "ನನ್ ಮಗಳಿಗೆ ನಾನೇ ತಾಯಿ ಅಂತ ಬಾಯ್ಬಿಟ್ಟು ಏಳ್ಕಬೇಕಾಯ್ತಲ್ಲ ಕಣ್ಲಾ."

ಅವಳ ಮನಸ್ಸಿಗೆ ಅದು ಇಷ್ಟು ತಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇನ್ನು ಮೇಲೆ ಅಮ್ಮ ಎಂದೇ ಕರೆಯಬೇಕೆಂದು ನಾನೂ ತಂಗಿಯೂ ಮಾತಾಡಿಕೊಂಡೆವು. ಎದುರಿಗೆ ನಿಂತರೆ ನಾಚಿಕೆ, ಬಾಯಿಗೆ ಬಾರದು. ಅದಕ್ಕೆ ಫೋನಿನಲ್ಲಿ ಶುರು ಮಾಡಿದೆ. ಪಾವಗಡಕ್ಕೆ ವಾಪಸು ಬಂದ ಮೇಲೆ ಹೊಸದಾಗಿ ತೆಗೆದುಕೊಂಡ ಸಿಮ್ಮಿನಿಂದ ಕರೆ ಮಾಡಿ, ಅಮ್ಮಾ ಊಟ ಆಯ್ತಾ ಎಂದೆ. ಅವಳು, ರಾಂಗ್ ನಂಬರ್ ಕಣಪ್ಪ ಎಂದು ಇಟ್ಟುಬಿಟ್ಟಳು.

ಮುಂದಿನ ಭಾನುವಾರ ಊರಿಗೆ ಹೋದಾಗ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು. ಸ್ಕೂಲಿನಲ್ಲಿ ತಾಯಿಗೆ ಇನ್ನೇನೇನು ಹೆಸರು ಹೇಳಿಕೊಡುತ್ತೀಯ ಎಂದು ತಾನಾಗಿಯೇ ಕೇಳಿದಳು. ನಾನು ಒಂದೊಂದಾಗಿ ಹೇಳಿದೆ. ಮಾತೆ ಎಂದಾಗ, ಅದು ದೇವರಿಗಾಯಿತು ಎಂದಳು. ಜನನಿ ಎಂದಾಗ, ಆಸ್ಪತ್ರೆ ಗೋಡೆಯ ಮೇಲೆ ಬರೆದಿರುತ್ತಾರಲ್ಲ, ಅದಾ ಎಂದು ಕೇಳಿದಳು. ಅಂಬೆ ಎಂದದ್ದಕ್ಕೆ ಕೊಟ್ಟಿಗೆಯ ಕಡೆ ನೋಡಿ, ಕರು ಕೂಗಿದಂಗೈತೆ ಎಂದು ನಕ್ಕಳು. ಕೊನೆಗೆ ನಾನು, ಹೋಗಲಿ ಅಮ್ಮ ಅಂತೀನಿ, ಆಗದಾ ಎಂದೆ. ಅವಳು ಕೈಯಲ್ಲಿದ್ದ ಕಾಯನ್ನು ಬಿಡಿಸಿ, ಎರಡು ಬೀಜ ನನ್ನ ಕೈಗೆ ಹಾಕಿದಳು.

"ಬ್ಯಾಡ ಬುಡು. ಮೊನ್ನೆಯಿಂದ ನಿನ್ ತಂಗಿ ಅಮ್ಮ ಅಮ್ಮ ಅಂತಾವ್ಳೆ. ಅಂಗಂದಾಗೆಲ್ಲ ಎದೆ ಧಸಕ್ ಅಂತದೆ, ಏನಾಯ್ತೋ ಏನೋ ಅಂತ."

ಅಲ್ಲಿಗೆ ನಮ್ಮ ಪ್ರಯತ್ನ ಮುಗಿಯಿತು. ಎಲ್ಲರಿಗೂ ಹಾಯೆನ್ನಿಸಿತು.

ಮದುವೆ ಕೊರಟಗೆರೆಯ ಒಂದು ಛತ್ರದಲ್ಲಿ ನಡೆಯಿತು. ಹೆಣ್ಣೊಪ್ಪಿಸುವಾಗ ಬೀಗಿತ್ತಿ, ಅತ್ತೆ ಅನ್ನಬೇಡ, ನನ್ನನ್ನು ಅಮ್ಮ ಅನ್ನು ಎಂದರು. ತಂಗಿ ಪೇಚಿಗೆ ಬಿದ್ದು ಅಕ್ಕನ ಮುಖ ನೋಡಿದಳು. ಅಕ್ಕ ಅವಳ ತಲೆಯ ಮೇಲಿನ ಸೆರಗು ಸರಿ ಮಾಡುತ್ತಾ, "ಅನ್ನು. ನಮ್ಮನೇಲಿ ಅದನ್ನ ಯಾರೂ ಬಳಸ್ತಿರಲಿಲ್ಲ, ತಗೊಂಡೋಗು" ಎಂದಳು. ತಂಗಿ ಅತ್ತುಬಿಟ್ಟಳು. ಅಕ್ಕನಿಗೆ ಅಳು ಬಂದದ್ದು ತಂಗಿ ಕೂತ ಕಾರು ತಿರುವಿನಲ್ಲಿ ಮರೆಯಾದ ಮೇಲೆ.

ಎರಡು ತಿಂಗಳು ಕಳೆದು ಅಕ್ಕ ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದಳು. ವಾಪಸು ಬಂದು ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು. ಅವಳೂ ಬೀಗಿತ್ತಿಯೂ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರಂತೆ. ಒಳಗಿನಿಂದ ತಂಗಿ ಅಮ್ಮಾ ಎಂದು ಕೂಗಿದಳಂತೆ. ಇಬ್ಬರೂ ಒಟ್ಟಿಗೆ ತಿರುಗಿದರಂತೆ.

"ನಾನ್ಯಾಕೆ ತಿರುಗಿದ್ನೋ ಕಾಣೆ ಕಣ್ಲಾ" ಎಂದಳು.

ಬೀಗಿತ್ತಿ ಮಾತ್ರ ಏಳಲಿಲ್ಲವಂತೆ. ಹೋಗಿ, ನಿಮ್ಮನ್ನೇ ಕರೀತಿರೋದು ಎಂದರಂತೆ. ಅಕ್ಕ ಒಳಗೆ ಹೋದಾಗ ತಂಗಿ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಯಾರನ್ನು ಕರೆದೆ ಎಂದು ಇವಳು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ರೊಟ್ಟಿ ಬೇಯಿಸಲು ಒಬ್ಬರು ಬೇಕಾಗಿತ್ತು. ಅಕ್ಕ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು.